ಚಿನ್ನದಕ್ಷರದ ಪ್ರೆಸಿಡೆಂಟ್ ಡೈರೆಕ್ಟರ್

ಪಾಕ್ ಪೊನಿರಾನ್ ಅವರಿಗೆ ಚಹಾ ಮಾಡುವುದು ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದೇನಾದರೂ ಗೊತ್ತಿತ್ತೇ ಎಂದು ತೀರ್ಮಾನಿಸಲು ಜಕಾರ್ತಾದ ನ್ಯಾಯಾಲಯ ಏಳು ತಿಂಗಳು ತೆಗೆದುಕೊಂಡಿತು. ಗೊತ್ತಿರಲಿಲ್ಲ ಎಂದಾದರೆ ಮನೆ, ಗೊತ್ತಿತ್ತು ಎಂದಾದರೆ ಜೈಲು. ಆ ಏಳು ತಿಂಗಳಲ್ಲಿ ನಾನು ಒಂದು ದಿನ ಸಾಕ್ಷಿ ಹೇಳಿದೆ, ಉಳಿದ ದಿನ ಹಿಂದಿನ ಬೆಂಚಿನಲ್ಲಿ ಕೂತು ಹುರಿದ ಕಡಲೆಕಾಯಿ ತಿಂದೆ. ಹಾಗಾಗಿ ಅವರ ಕತೆ ಹೇಳುವ ಅರ್ಹತೆ ನನಗಿದೆ. ಯೋಗ್ಯತೆಯ ಮಾತು ಬೇರೆ.

ಅವರು ವೊನೊಗಿರಿ ಕಡೆಯವರು. ಜಾವಾದ ಐದು ದಿನದ ಸಂತೆವಾರದಲ್ಲಿ ಪೊನ್ ಎಂಬ ದಿನ ಹುಟ್ಟಿದ್ದರಿಂದ ಪೊನಿರಾನ್. ಪಾಕ್ ಎನ್ನುವುದು ನಮ್ಮಲ್ಲಿ ಹಿರಿಯ ಗಂಡಸರಿಗೆ ಹಾಕುವ ಗೌರವ, ಹೆಂಗಸರಿಗಾದರೆ ಬು, ನನ್ನಂಥವರಿಗೆ ಮಾಸ್; ಅದು ಬಿಟ್ಟರೆ ಹಿಂದೆ ಮುಂದೆ ಇನ್ನೊಂದು ಹೆಸರಿಲ್ಲ. ನಮ್ಮ ಜಾವಾದ ಬಡವರಿಗೆ ಹೆಸರೂ ಒಂದೇ, ಅಂಗಿಯೂ ಒಂದೇ. ಹತ್ತೊಂಬತ್ತಕ್ಕೆ ಜಕಾರ್ತಾಕ್ಕೆ ಬಂದು ಗೆಮಿಲಂಗ್ ಸಮೂಹದ ಬ್ಯಾಂಕಿನ ಹದಿನಾಲ್ಕನೇ ಮಹಡಿಯ ಅಡುಗೆ ಕೋಣೆ ಸೇರಿದರು. ಇಪ್ಪತ್ತೆರಡು ವರ್ಷ ಅಲ್ಲೇ ಮಲ್ಲಿಗೆ ಚಹಾ ಕಾಸಿದರು. ಆ ಮಹಡಿಯ ನಲವತ್ತು ಜನರಲ್ಲಿ ಯಾರಿಗೆ ಎಷ್ಟು ಚಮಚ ಸಕ್ಕರೆ ಎನ್ನುವುದು ಅವರ ನಾಲಿಗೆಯ ತುದಿಯಲ್ಲಿತ್ತು. ಸಮೂಹದ ಯಜಮಾನ ಪಾಕ್ ಸಸ್ಮೊಯೊ ತಮಗೆ ಸಕ್ಕರೆಯೇ ಬೇಡವೆಂದು ಊರಿಗೆಲ್ಲ ಹೇಳಿಕೊಂಡು ಮೂರು ಚಮಚ ಕುಡಿಯುತ್ತಿದ್ದರು. ಆ ಗುಟ್ಟು ಗೊತ್ತಿದ್ದದ್ದು ಪಾಕ್ ಪೊನಿರಾನ್‌ಗೆ ಮಾತ್ರ. ಅದನ್ನು ಅವರು ದೇಶದ ರಕ್ಷಣಾ ರಹಸ್ಯದಂತೆ ಕಾಪಾಡಿಕೊಂಡು ಬಂದರು. ನನಗೆ ಹೇಳಿದ್ದು ಕೊನೆಯಲ್ಲಿ, ಅದೂ ಪಿಸುಮಾತಿನಲ್ಲಿ.

ತೊಂಬತ್ತೈದರಲ್ಲಿ ಒಂದು ಬೆಳಿಗ್ಗೆ ಕಾರ್ಯದರ್ಶಿ ಬು ಹೆಸ್ತಿ ಅಡುಗೆ ಕೋಣೆಗೆ ಬಂದು ಅವರ ಗುರುತಿನ ಚೀಟಿ ಕೇಳಿದಳು. ಜೆರಾಕ್ಸ್ ಮಾಡಿಸಿ ವಾಪಸು ಕೊಡುವಾಗ ಜೊತೆಗೆ ಒಂದು ಕಂತೆ ಕಾಗದವೂ ಬಂತು. ಹಳದಿ ಚೀಟಿ ಅಂಟಿಸಿದ್ದಲ್ಲೆಲ್ಲ ಸಹಿ ಹಾಕಬೇಕು. ಕೈ ಒರೆಸಿಕೊಂಡು ಹಾಕಿದರು.

"ಏನಿದು, ಬು?"

"ಒಂದು ಕಂಪನಿ, ಪಾಕ್. ಕಾಗದದಲ್ಲಿ ನೀವು ಅದಕ್ಕೆ ಪ್ರೆಸಿಡೆಂಟ್ ಡೈರೆಕ್ಟರ್. ತಿಂಗಳಿಗೆ ಮೂವತ್ತು ಸಾವಿರ ರುಪಿಯಾ ಜಾಸ್ತಿ ಬರುತ್ತೆ, ಮನೆಯ ಅಕ್ಕಿಗಾಗುತ್ತೆ. ಯಾರಿಗೂ ಹೇಳಬೇಡಿ."

"ನಾನೇನು ಮಾಡಬೇಕು?"

"ಏನೂ ಮಾಡಬಾರದು. ಅದೇ ಕೆಲಸ."

ಹೇಳಬೇಡಿ ಎಂದದ್ದಕ್ಕೆ ಅವರು ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಹತ್ತನೇ ದಿನ ಹೆಂಡತಿ ಲಾಸ್ತ್ರಿಗೆ ಹೇಳಿದರು. ಆಮೇಲೆ ಅಂಗಿಯ ಜೇಬಿಗೆ ಒಂದು ಪೆನ್ನು ಬಂತು. ನಮ್ಮ ಮಂಗರಾಯ್ ಗಲ್ಲಿಯಲ್ಲಿ ನಡೆಯುವಾಗ ಕೈ ಹಿಂದೆ ಕಟ್ಟಿಕೊಳ್ಳುವ ಅಭ್ಯಾಸವಾಯಿತು. ಚರಂಡಿ ದಾಟುವಾಗ ಮಾತ್ರ ಬಿಚ್ಚುತ್ತಿದ್ದರು.

ಅವರ ಕಂಪನಿಯ ಆಡಳಿತ ಮಂಡಳಿ ಸಭೆಗಳು ಆ ಮಹಡಿಯಲ್ಲೇ ನಡೆಯುತ್ತಿದ್ದವು. 'ಸಭೆಯ ಅಧ್ಯಕ್ಷತೆಯನ್ನು ಶ್ರೀ ಪೊನಿರಾನ್ ವಹಿಸಿದ್ದರು' ಎಂದು ನಡಾವಳಿಯಲ್ಲಿ ಬರೆಯಲಾಗುತ್ತಿತ್ತು. ಅವರು ಆ ಕೋಣೆಯಲ್ಲಿ ಇರುತ್ತಿದ್ದದ್ದೂ ನಿಜ. ತಟ್ಟೆ ಹಿಡಿದುಕೊಂಡು.

ಮುಂದಿನ ವರ್ಷ ಅವರ ಮಗಳು ವುರಿಯ ಮದುವೆ ಗೊತ್ತಾಯಿತು. ಕಾರ್ಡು ಅಚ್ಚು ಹಾಕಿಸಲು ಗಂಡ ಹೆಂಡತಿ ನನ್ನ ಪ್ರೆಸ್ಸಿಗೆ ಬಂದರು. ಬೀಗರು ಸೋಲೊ ಊರಿನ ಹಾಜಿ ಕುಸ್ನಾದಿ, ನಿವೃತ್ತ ಕಂದಾಯ ಅಧಿಕಾರಿ. ಅವರ ಕಡೆಯಿಂದ ಬಂದ ಒಕ್ಕಣೆಯಲ್ಲಿ ಹೆಸರಿನ ಮುಂದೆ ಎರಡು ಪದವಿ, ಹಿಂದೆ ಒಂದು, ಕೆಳಗೆ ಹಿಂದೆ ಇದ್ದ ಹುದ್ದೆ, ಅದರ ಕೆಳಗೆ ಈಗಿನ ಸಂಘದ ಉಪಾಧ್ಯಕ್ಷತೆ. ಗಂಡಿನ ತಂದೆಯೊಬ್ಬರೇ ಅರ್ಧ ಕಾರ್ಡು ಆಕ್ರಮಿಸಿದ್ದರು. ಈ ಕಡೆ 'ಪೊನಿರಾನ್' ಎಂಬ ಒಂದೇ ಪದ, ಪುಕ್ಕ ಕಿತ್ತ ಕೋಳಿಯ ಹಾಗೆ.

"ಏನಾದ್ರೂ ಒಂದು ಹಾಕೋಣ ಪಾಕ್," ಅಂದೆ ನಾನು. "ಹೀಗೇ ಬಿಟ್ರೆ ಬೀಗರು ಇನ್ನೊಂದ್ ಸಾಲು ಜಾಸ್ತಿ ತಗೋತಾರೆ."

"ಹಾಕೋಕೆ ಏನಿದೆ ಮಾಸ್. ಟೀ ಲೋಟ ಹಾಕ್ತೀರಾ?"

ಲಾಸ್ತ್ರಿಗೆ ತಡೆಯಲಾಗಲಿಲ್ಲ. "ಇವರು ಪ್ರೆಸಿಡೆಂಟ್ ಡೈರೆಕ್ಟರ್ ಅಲ್ವಾ? ಕಾಗದ ಐತೆ. ಬೀಗಿತ್ತಿ ಆಗ್ಲೇ ಕೇಳಾಯ್ತು, ನಿಮ್ಮೆಜಮಾನ್ರು ಬ್ಯಾಂಕಲ್ಲಿ ಏನಾಗಿದಾರೆ ಅಂತ. ನಾನು ಒಳಗಡೆ ವ್ಯವಹಾರ ನೋಡ್ಕೋತಾರೆ ಅಂದೆ."

"ಹೇಳಬಾರದು ಅಂದಿದಾರೆ ಕಣೇ."

"ಹೇಳೋದು ಬೇರೆ, ಕರೆಯೋದು ಬೇರೆ," ಅಂದೆ ನಾನು. "ಮದುವೆ ಕಾರ್ಡು ಕರೆಯೋಕೆ ತಾನೆ ಇರೋದು?"

ಈ ಮಾತು ಹೊಳೆದದ್ದಕ್ಕೆ ನನಗೇ ಹೆಮ್ಮೆಯಾಯಿತು. ಹುದ್ದೆಯನ್ನು ಚಿನ್ನದ ಬಣ್ಣದಲ್ಲಿ ಉಬ್ಬಕ್ಷರ ಮಾಡಿದರೆ ಕಾರ್ಡಿಗೆ ಐವತ್ತು ರುಪಿಯಾ ಹೆಚ್ಚು, ನಾನೂರು ಕಾರ್ಡು. ಆ ಲೆಕ್ಕವೂ ಅದೇ ಹೊತ್ತಿಗೆ ಹೊಳೆದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರೂಫ್ ತೆಗೆದು ತೋರಿಸಿದೆ. ಪಾಕ್ ಪೊನಿರಾನ್ ಅದನ್ನು ಮೂರು ಸಲ ಓದಿದರು. ಜೇಬಿನ ಪೆನ್ನು ತೆಗೆದು 'ಅಚ್ಚು ಹಾಕಬಹುದು' ಎಂದು ಬರೆದು ಸಹಿ ಹಾಕಿದರು. ಆ ಪೆನ್ನಿಗೆ ಸಿಕ್ಕಿದ ಮೊದಲ ಕೆಲಸ ಅದು.

ಒಂದು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಯಜಮಾನರಿಗೆ ಕೊಟ್ಟರು. ಪಾಕ್ ಸಸ್ಮೊಯೊ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಖುಷಿಯಾಯ್ತು ಅವರಿಗೆ," ಎಂದು ಪಾಕ್ ಪೊನಿರಾನ್ ನನಗೆ ವರದಿ ಒಪ್ಪಿಸಿದರು. ಮದುವೆಯ ದಿನ ಹೂವಿನ ಹಲಗೆಯೊಂದು ಲಾರಿಯಲ್ಲಿ ಬಂತು. ಎರಡಾಳುದ್ದ. 'ಪ್ರೆಸಿಡೆಂಟ್ ಡೈರೆಕ್ಟರ್ ಶ್ರೀ ಪೊನಿರಾನ್ ಅವರ ಪುತ್ರಿಯ ವಿವಾಹಕ್ಕೆ ಗೆಮಿಲಂಗ್ ಸಮೂಹದ ಶುಭಾಶಯಗಳು.' ಗಲ್ಲಿಯೊಳಗೆ ಹಿಡಿಸದೆ ಬಾಯಲ್ಲೇ ನಿಂತಿತು. ಮಾಂಸದುಂಡೆಯ ಸಾರು ಮಾರುವ ಬಕ್ಸೊ ಗಾಡಿಯವನಿಗೆ ದಾರಿಯಿಲ್ಲದೆ ಅವನು ಶಾಪ ಹಾಕುತ್ತ ಅಲ್ಲೇ ವ್ಯಾಪಾರ ಮಾಡಿದ. ಹಾಜಿ ಕುಸ್ನಾದಿ ಅದರ ಮುಂದೆ ನಿಂತು ನಾಲ್ಕು ಫೋಟೋ ಹೊಡೆಸಿಕೊಂಡರು, ಒಂದರಲ್ಲಿ ಪಾಕ್ ಪೊನಿರಾನ್ ಅವರ ಹೆಗಲ ಮೇಲೆ ಕೈ ಹಾಕಿ.

ಅದಾದ ಮರುವರ್ಷ ರುಪಿಯಾ ಬಿತ್ತು. ಬ್ಯಾಂಕುಗಳ ಮುಂದೆ ಜನ ಸಾಲುಗಟ್ಟಿದರು. ಅಕ್ಕಿ ಬೆಲೆ ಮೂರು ಪಟ್ಟಾಯಿತು. ಮದುವೆಗೆ ಕಾರ್ಡು ಹಾಕಿಸುವುದನ್ನು ಬಿಟ್ಟು ಜನ ಬಾಯಲ್ಲಿ ಕರೆಯತೊಡಗಿದರು. ನಾನು ಎರಡು ಯಂತ್ರಗಳಲ್ಲಿ ಒಂದನ್ನು ಗುಜರಿಗೆ ಹಾಕಿದೆ. ನಾನು ಮುಳುಗಿದ್ದು ಯಾರಿಗೂ ಕೇಳಿಸಲಿಲ್ಲ. ಸಣ್ಣ ಕಲ್ಲು ಬಿದ್ದರೆ ಸದ್ದೆಷ್ಟು. ಗೆಮಿಲಂಗ್ ಬ್ಯಾಂಕು ಮುಳುಗಲು ಹೊರಟಾಗ ಮಾತ್ರ ಸರ್ಕಾರ ಓಡಿ ಬಂತು. ಅದು ಮುಳುಗಿದರೆ ದೇಶವೇ ಮುಳುಗುತ್ತದೆಂದು ಮಂತ್ರಿಗಳು ಟಿವಿಯಲ್ಲಿ ಹೇಳಿದರು. ಖಜಾನೆಯ ಹಣವನ್ನು ಬಿಂದಿಗೆಗಟ್ಟಲೆ ಸುರಿದರು. ಬ್ಯಾಂಕು ಅದನ್ನು ಒಂದು ಬಾಗಿಲಲ್ಲಿ ತೆಗೆದುಕೊಂಡು ಇನ್ನೊಂದು ಬಾಗಿಲಲ್ಲಿ ತನ್ನ ಯಜಮಾನನ ಕಾಗದದ ಕಂಪನಿಗಳಿಗೆ ಸಾಲ ಕೊಟ್ಟಿತು. ಪಾಕ್ ಪೊನಿರಾನ್ ಅವರ ಕಂಪನಿಗೆ ಬಂದ ಪಾಲು ನಾಲ್ಕು ನೂರು ಶತಕೋಟಿ. ಬಂದ ದಿನವೇ ಅದು ಸಿಂಗಾಪುರಕ್ಕೆ ಹೋಯಿತು. ಪ್ರೆಸಿಡೆಂಟ್ ಡೈರೆಕ್ಟರ್ ಆ ದಿನ ಎರಡು ಗಂಟೆ ಬೇಗ ಮನೆಗೆ ಬಂದರು, ಗ್ಯಾಸ್ ಮುಗಿದಿತ್ತಂತೆ.

ಬ್ಯಾಂಕು ಉಳಿಯಿತು, ಒಂಬೈನೂರು ಗುಮಾಸ್ತರು ಉಳಿಯಲಿಲ್ಲ. ಪಾಕ್ ಪೊನಿರಾನ್ ಉಳಿದರು. "ನಮ್ಮದು ದೊಡ್ಡ ಸಂಸ್ಥೆ ಮಾಸ್, ಸರ್ಕಾರ ಕೈಬಿಡಲ್ಲ," ಎನ್ನುತ್ತಿದ್ದರು, ತಾವೇ ಮಂತ್ರಿಗೆ ಫೋನ್ ಮಾಡಿ ಬಂದವರ ಹಾಗೆ.

ಎರಡು ವರ್ಷ ಕಳೆದ ಮೇಲೆ ಹೊಸ ಸರ್ಕಾರಕ್ಕೆ ಯಾರನ್ನಾದರೂ ಹಿಡಿಯಬೇಕೆನಿಸಿತು. ಕಾಗದ ಹಿಡಿದುಕೊಂಡು ಹುಡುಕಿದರೆ ಸಹಿ ಸಿಗುತ್ತದೆ, ಸಹಿ ಹಿಡಿದುಕೊಂಡು ಹುಡುಕಿದರೆ ನಮ್ಮ ಗಲ್ಲಿ ಸಿಗುತ್ತದೆ. ಬಂದ ಇಬ್ಬರು ಅಧಿಕಾರಿಗಳು ಮನೆ ನೋಡಿ ವಿಳಾಸ ತಪ್ಪಿತೆಂದು ವಾಪಸು ಹೊರಟಿದ್ದರು. ಪಾಕ್ ಪೊನಿರಾನ್ ಅವರೇ ಕೂಗಿ ಕರೆದು, ಕೂರಿಸಿ, ಚಹಾ ಕೊಟ್ಟು, "ಪೊನಿರಾನ್ ನಾನೇ," ಎಂದರು.

ಅವರ ಪರವಾಗಿ ವಾದಿಸಲು ಸರ್ಕಾರವೇ ಕೊಟ್ಟ ಬಡ ವಕೀಲನೊಬ್ಬನಿದ್ದ. ಬುದ್ಧಿವಂತ. ಅವನ ವಾದ ಒಂದೇ: ಈತ ಚಹಾದವನು, ಏನೂ ಗೊತ್ತಿಲ್ಲದವನು. ನ್ಯಾಯಾಲಯದಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು.

"ಸಾಲ ತಗೊಳ್ಳೋಕೆ ತೀರ್ಮಾನ ಮಾಡಿದ ಹದಿನೇಳನೇ ತಾರೀಖಿನ ಸಭೆಯಲ್ಲಿ ನೀವು ಇದ್ರಾ?" ಎದುರು ಕಡೆಯ ಸರ್ಕಾರಿ ವಕೀಲ ಕೇಳಿದ.

"ಇದ್ದೆ."

"ಮೊದಲಿಂದ ಕೊನೇವರೆಗೆ?"

"ಇಲ್ಲ ಸ್ವಾಮಿ. ಮೂರು ಸಲ ಬಂದೆ. ಟೀ ಕೊಡೋಕೆ, ಎರಡನೇ ಟೀ ಕೊಡೋಕೆ, ಲೋಟ ತಗೊಂಡು ಹೋಗೋಕೆ."

ಮೂವರು ನ್ಯಾಯಾಧೀಶರಲ್ಲಿ ನಡುವೆ ಕೂತವರಿಗೂ ನಗು ಬಂತು. ಬಡ ವಕೀಲ ಎದ್ದು, ಅಂದು ಕೂತಿದ್ದವರ ಸಕ್ಕರೆ ಹೇಳಿ ಎಂದ. ಪಾಕ್ ಪೊನಿರಾನ್ ಕಣ್ಣು ಮುಚ್ಚಿಕೊಂಡು ಹನ್ನೊಂದು ಜನರ ಸಕ್ಕರೆ ಒಪ್ಪಿಸಿದರು. ಹನ್ನೆರಡನೆಯವರು ಪಾಕ್ ಸಸ್ಮೊಯೊ. "ಯಜಮಾನರದ್ದು ಹೇಳೋ ಹಾಗಿಲ್ಲ," ಎಂದರು. ಯಜಮಾನರು ಆ ಹೊತ್ತಿಗೆ ಸಿಂಗಾಪುರದಲ್ಲಿ ಹೃದಯ ತಪಾಸಣೆಯಲ್ಲಿದ್ದರು.

ಆಮೇಲೆ ಬು ಹೆಸ್ತಿ ಸಾಕ್ಷಿಗೆ ಬಂದಳು. ಮುತ್ತಿನ ಸರ, ತಗ್ಗಿದ ದನಿ. "ಪಾಕ್ ಪೊನಿರಾನ್ ಅವರು ತುಂಬಾ ಸರಳ ಮನುಷ್ಯರು. ಅಷ್ಟು ದೊಡ್ಡ ಸ್ಥಾನದಲ್ಲಿದ್ರೂ ಎಲ್ಲರಿಗೂ ತಾವೇ ಟೀ ತಂದುಕೊಡ್ತಿದ್ರು. ನಾವು ಬೇಡ ಅಂತಿದ್ವಿ, ಕೇಳ್ತಿರಲಿಲ್ಲ." ಹೇಳುತ್ತ ಚೀಲದಿಂದ ಮದುವೆ ಕಾರ್ಡು ತೆಗೆದಳು. ಎರಡೂ ಕೈಯಲ್ಲಿ ಯಜಮಾನರಿಗೆ ಕೊಟ್ಟಿದ್ದ ಅದೇ ಕಾರ್ಡು. ಜೊತೆಗೆ ಹೂವಿನ ಹಲಗೆಯ ಫೋಟೋ. ನಾಲ್ಕು ವರ್ಷ ಜೋಪಾನವಾಗಿ ಇಟ್ಟಿದ್ದರು.

ಕಾರ್ಡಿನ ಮೂಲೆಯಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು. ಹಾಗೆ ನನ್ನನ್ನು ಕರೆಸಿದರು. ಗಿರಾಕಿಯ ಸಹಿ ಇಲ್ಲದೆ ನನ್ನಲ್ಲಿ ಒಂದು ಕಾರ್ಡೂ ಅಚ್ಚಾಗುವುದಿಲ್ಲ, ಸಹಿಯಾದ ಒಂದು ಪ್ರೂಫೂ ಕಸಕ್ಕೆ ಹೋಗುವುದಿಲ್ಲ. ಇದನ್ನು ನಾನು ಇಡೀ ಗಲ್ಲಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಅಧಿಕಾರಿ ಕೇಳಿದಾಗ ಎರಡೇ ನಿಮಿಷದಲ್ಲಿ ಕಡತದಿಂದ ತೆಗೆದುಕೊಟ್ಟೆ. ಆತ ನನ್ನ ಶಿಸ್ತನ್ನು ಮೆಚ್ಚಿದ. ನಾನು ಹಿಗ್ಗಿದೆ.

"ಈ ಸಹಿ ಆರೋಪಿಯದ್ದಾ?"

"ಹೌದು."

"ಓದಿ ಹಾಕಿದ್ರಾ?"

"ಓದಿದ್ರು."

"ಬಲವಂತ ಯಾರಾದ್ರೂ ಮಾಡಿದ್ರಾ?"

"ಬಲವಂತ ಅಂದ್ರೆ..." ಎಂದು ಬಾಯಿ ತೆರೆದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದರು ನ್ಯಾಯಾಧೀಶರು. "ಇಲ್ಲ," ಎಂದೆ. ಆ ಹುದ್ದೆ ಹಾಕಿಸಿದವನು ನಾನು, ಅವರು ಬೇಡವೆಂದಿದ್ದರು ಎಂದು ಇನ್ನೆರಡು ಮಾತು ಸೇರಿಸಬಹುದಿತ್ತು. ಗದರಿದ್ದರೆ ಗದರುತ್ತಿದ್ದರು, ಅಷ್ಟೇ. ಇಳಿದು ಬಂದು ಬೆಂಚಿನಲ್ಲಿ ಕೂತೆ.

ಮಧ್ಯಾಹ್ನದ ಬಿಡುವಿನಲ್ಲಿ ಬಡ ವಕೀಲ ಪಾಕ್ ಪೊನಿರಾನ್ ಅವರ ಕಿವಿಗೆ ಬಾಯಿಟ್ಟು, "ಒಂದೇ ಮಾತು ಸಾಕು. ಬೀಗರ ಮುಂದೆ ಮಾನ ಉಳಿಸ್ಕೊಳ್ಳೋಕೆ ಸುಳ್ಳು ಹಾಕಿಸಿದೆ ಅನ್ನಿ. ನ್ಯಾಯಾಧೀಶರಿಗೂ ಬೀಗರಿರ್ತಾರೆ, ಅರ್ಥ ಆಗುತ್ತೆ," ಎಂದ. ಅವರು ಸರಿಯೆಂದು ತಲೆಯಾಡಿಸಿದರು.

ಬಿಡುವು ಮುಗಿಯುವ ಹೊತ್ತಿಗೆ ಹಾಜಿ ಕುಸ್ನಾದಿ ಸೋಲೊದಿಂದ ಬಂದರು. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಕಪ್ಪು ಟೋಪಿ. ಪಕ್ಕದಲ್ಲಿ ಅವರ ಹೆಂಡತಿ. ಹಿಂದೆ ತುಂಬು ಬಸುರಿ ವುರಿ. ಬೀಗರು ಮೊದಲ ಸಾಲಿನಲ್ಲೇ ಕೂತರು. ಚಹಾದವನ ಮಗಳನ್ನು ತಂದುಕೊಂಡೆವಾ ಎಂದು ಬೀಗಿತ್ತಿ ಆಗಲೇ ಎರಡು ಸಲ ವುರಿಯ ಊಟದ ತಟ್ಟೆ ಎಳೆದಿಟ್ಟಿದ್ದಳು ಎಂದು ಲಾಸ್ತ್ರಿ ನನಗೆ ಹೇಳಿದ್ದಳು. ಅದು ಅವಳ ಗಂಡನಿಗೂ ಗೊತ್ತಿತ್ತು.

ನಡುವಿನ ನ್ಯಾಯಾಧೀಶರು ಕಾರ್ಡು ಎತ್ತಿ ಹಿಡಿದರು. ಅವರ ದನಿ ಮೆತ್ತಗಿತ್ತು. ಬಿಡುವ ಮನಸ್ಸಿತ್ತು ಎಂದು ಇವತ್ತಿಗೂ ನಾನು ಆಣೆ ಮಾಡಿ ಹೇಳುತ್ತೇನೆ. "ನೋಡಿ ಪಾಕ್, ನೇರವಾಗಿ ಕೇಳ್ತೀನಿ. ನೀವು ಟೀ ಮಾಡೋರಾ, ಇಲ್ಲ ಇಲ್ಲಿ ಬರೆದಿರೋದಾ?"

ಪಾಕ್ ಪೊನಿರಾನ್ ಮೊದಲ ಸಾಲಿನ ಕಡೆ ನೋಡಿದರು. ವುರಿ ಸೆರಗಿನಂತೆ ತಲೆವಸ್ತ್ರ ಎಳೆದುಕೊಂಡು ತಲೆ ತಗ್ಗಿಸಿದ್ದಳು. ಪಾಪ, ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಪೆನ್ನನ್ನು ಜೈಲಿನವರು ಕಿತ್ತುಕೊಂಡಿದ್ದರು.

"ಕಾರ್ಡಲ್ಲಿ ಇರೋದು ಸರಿ, ಮಹಾಸ್ವಾಮಿ."

ಆರು ವರ್ಷ.

ಹೊರಗೆ ಪಡಸಾಲೆಯಲ್ಲಿ ಹಾಜಿ ಕುಸ್ನಾದಿ ನನ್ನ ಪಕ್ಕ ಬಂದು ನಿಂತರು. ಲವಂಗದ ಸಿಗರೇಟು ಹಚ್ಚಿದರು. ಏನೋ ಸಮಾಧಾನದ ಮಾತು ಬರುತ್ತದೆ ಎಂದುಕೊಂಡೆ.

"ನಾಲ್ಕು ನೂರು ಶತಕೋಟಿನಾ?"

"ಹೂಂ."

"ಅಷ್ಟಿಟ್ಕೊಂಡು ಮದುವೆಗೆ ಒಂದು ಹೊಲಿಗೆ ಯಂತ್ರ ಕೊಟ್ರು ನೋಡಿ, ಜಿಪುಣ."

ಅಂದಿನಿಂದ ವುರಿಯ ತಟ್ಟೆಗೆ ಕೋಳಿಯ ತೊಡೆ ಬೀಳತೊಡಗಿತು. ಹಣ ಲಾಸ್ತ್ರಿಯ ಮನೆಯ ನೆಲದ ಕೆಳಗೆಲ್ಲೋ ಇದೆ ಎಂದು ಬೀಗರ ಖಚಿತ ನಂಬಿಕೆ. ತಿಂಗಳಿಗೊಮ್ಮೆ ಬಂದು ಯೋಗಕ್ಷೇಮ ವಿಚಾರಿಸಿ, ಟೈಲ್ಸ್ ಮೇಲೆ ಹಿಮ್ಮಡಿಯಿಂದ ಕುಟ್ಟಿ ನೋಡಿ ಹೋಗುತ್ತಾರೆ. ಆ ಮನೆಯಲ್ಲಿ ಲಾಸ್ತ್ರಿ ಈಗ ಊರವರ ಬಟ್ಟೆ ಒಗೆಯುತ್ತಾಳೆ.

ಪಾಕ್ ಸಸ್ಮೊಯೊ ಮೂರು ಸಕ್ಕರೆ ಕಾರ್ಖಾನೆಗಳನ್ನು ಸರ್ಕಾರಕ್ಕೆ ಒಪ್ಪಿಸಿ, ಎಲ್ಲ ಬಾಕಿ ತೀರಿತು ಎಂಬ ಪತ್ರ ಪಡೆದು ಮರಳಿದರು. ಕಾರ್ಖಾನೆಗಳಲ್ಲಿ ಯಂತ್ರ ಇರಲಿಲ್ಲವಂತೆ, ಅದನ್ನು ಪತ್ರದಲ್ಲಿ ಯಾರೂ ಕೇಳಿರಲಿಲ್ಲ.

ವುರಿಗೆ ಗಂಡು ಮಗುವಾಯಿತು. ಕೂದಲು ತೆಗೆಸುವ ಶಾಸ್ತ್ರಕ್ಕೆ ಕಾರ್ಡು ಹಾಕಿಸಲು ಬೀಗರು ಖುದ್ದಾಗಿ ನನ್ನ ಪ್ರೆಸ್ಸಿಗೆ ಬಂದರು.

"ತಾಯಿ ಕಡೆ ಅಜ್ಜನ ಹೆಸರು ಹೇಗೆ ಹಾಕೋಣ? ಬರೀ ಪೊನಿರಾನ್ ಸಾಕಾ?" ಎಂದೆ.

"ಬರೀ ಪೊನಿರಾನ್ ಯಾಕೆ? ಪ್ರೆಸಿಡೆಂಟ್ ಡೈರೆಕ್ಟರ್ ಅಂತ ಹಾಕಿ. ಒಳಗಿದ್ರೂ ದೊಡ್ಡೋರು ದೊಡ್ಡೋರೇ. ಚಿನ್ನದಕ್ಷರ ಇರಲಿ."

ಆ ಕಾರ್ಡು ತೆಗೆದುಕೊಂಡು ನಾನು ಜೈಲಿಗೆ ಹೋದೆ. ಪಾಕ್ ಪೊನಿರಾನ್ ಅದನ್ನು ಮೂರು ಸಲ ಓದಿದರು, ಉಬ್ಬಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು. ಯಜಮಾನರ ಮೂರು ಚಮಚದ ಗುಟ್ಟು ಹೇಳಿದ್ದು ಆಗಲೇ. ನಾನು ಸಾಕ್ಷಿಯ ವಿಷಯ ಎತ್ತಲು ನಾಲ್ಕು ಸಲ ಗಂಟಲು ಸರಿ ಮಾಡಿಕೊಂಡೆ.

"ಚಿನ್ನದ ಬಣ್ಣಕ್ಕೆ ಎಷ್ಟು ತಗೊಂಡ್ರಿ?" ಎಂದು ಕೇಳಿದರು.

"ಈ ಸಲ ತಗೊಳ್ಳಲಿಲ್ಲ ಪಾಕ್."

"ತಗೋಬೇಕಿತ್ತು ಮಾಸ್. ಬೀಗರು ಕೊಡೋರು."

ಒಳಗೆ ಗಂಟೆ ಬಾರಿಸಿತು. ಜೈಲರ್ ಸಾಹೇಬರ ಚಹಾದ ಹೊತ್ತು. ಎರಡು ಚಮಚ, ನಿಂಬೆ ಬೇಡ, ಎಂದು ನನಗೆ ಹೇಳಿ, ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಅಂಗಿಯ ತೋಳು ಮಡಚುತ್ತ ಒಳಗೆ ನಡೆದರು.