ಬಾಗಿಲಾಚೆಯ ಸುದ್ದಿ

ಇಪ್ಪತ್ತೆರಡು ವರ್ಷಗಳಿಂದ ಅವನದು ಒಂದೇ ಪಾತ್ರ: ದೂತ. ಹಗಲೆಲ್ಲ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಅಂಟು ಬಳಿಯುತ್ತ ಕೂರುವ ಈ ಬಡಪಾಯಿ, ರಂಗದ ಮೇಲೆ ಬಂದು ರಾಜ ಸತ್ತ ಸುದ್ದಿ ಹೇಳಿದರೆ ಸಾಕು, ಕಲ್ಲುಮನಸ್ಸಿನವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಬೀದಿಯಲ್ಲಿ ಅವನ ಹೆಸರೇ ಸುದ್ದಿಯಣ್ಣ. ಎದುರು ಸಿಕ್ಕಾಗ "ಇವತ್ತು ಯಾರಪ್ಪ ಹೋದ್ರು?" ಎಂದು ಕಿಚಾಯಿಸುವವರಿಗೇನೂ ಬರವಿರಲಿಲ್ಲ. ಅವನು ನಗುತ್ತಿದ್ದ, ಒಳಗೊಳಗೇ ಚುಚ್ಚುತ್ತಿತ್ತು.

ಅವರ ತಂಡದ ಹಳೆಯ ದುರಂತ ನಾಟಕದಲ್ಲಿ ಯಾರೂ ರಂಗದ ಮೇಲೆ ಸಾಯುವಂತಿಲ್ಲ. ಸಾವೆಲ್ಲ ಬಾಗಿಲಾಚೆ, ಈಚೆ ಬರುವುದು ಸುದ್ದಿ ಮಾತ್ರ. "ಸಾವು ತೋರಿಸಿದ್ರೆ ಜನ ಕಣ್ಣು ಮುಚ್ಕೋತಾರೆ ಕಣಯ್ಯಾ. ಕಿವಿಗೆಲ್ಲಿದೆ ರೆಪ್ಪೆ?" ಎನ್ನುತ್ತಿದ್ದರು ನಾಟಕದ ಮೇಷ್ಟ್ರು.

ಅವನು ಪಾತ್ರದ ಮಾತು ಒಪ್ಪಿಸುತ್ತಿದ್ದುದು ಅಕ್ಕನ ಮುಂದೆ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ತಾನು ಮದುವೆಯಾದ ಮೇಲೂ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು. ಅವಳು ಪುಸ್ತಕ ಹಿಡಿದು ರಾಣಿಯ ಮಾತು ಓದುವಳು, ಇವನು ಹೊಸ್ತಿಲಲ್ಲಿ ನಿಂತು ದೂತನಾಗುವನು. "ನೀನು ಅಳಬೇಡ್ವೋ, ಹೇಳು. ಅಳೋದು ನನ್ ಕೆಲಸ" ಎಂದು ಗದರುವಳು. ಅದೇ ತಂಡದ ಪರದೆ, ದೀಪ ನೋಡಿಕೊಳ್ಳುವ ಭಾವ ತಟ್ಟೆಯ ಮುಂದೆ ಕೂತು, "ಮೊದ್ಲು ಊಟ ಬಡಿಸಿ ಮಹಾರಾಣಿ, ಆಮೇಲೆ ರಾಜನ್ನ ಸಾಯಿಸಿ" ಎನ್ನುತ್ತಿದ್ದರು.

ಆ ದಿನ ಅಂಗಡಿಗೆ ರಜೆ, ಅವನೂ ತಂಡದವರ ಜೊತೆಗಿದ್ದ. ಮಧ್ಯಾಹ್ನ ರಂಗದ ಮೇಲೆ ದೀಪ ಕಟ್ಟುತ್ತಿದ್ದ ಭಾವ ಏಣಿಯಿಂದ ಇಳಿದು, ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಕ್ಕನಿಗೆ ನೀನೇ ಹೇಳಪ್ಪ. ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ?" ಎಂದರು ಮೇಷ್ಟ್ರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಊರ ಬಾಯಿ ಮುಚ್ಚುವುದುಂಟೇ? ಇನ್ಯಾರದೋ ಬಾಯಿಂದ ಅಕ್ಕನ ಕಿವಿಗೆ ಬೀಳುವ ಮೊದಲು ತಾನೇ ಹೇಳಬೇಕು. ಓಡಿದ.

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ಹೊಸ್ತಿಲಲ್ಲಿ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ನಾಲಿಗೆಗೆ ರೂಢಿಯಿದ್ದದ್ದು ಒಂದೇ, ದೂತನ ಮೊದಲ ಸಾಲು.

"ಅಮ್ಮಾ, ಹೇಳಬಾರದ್ದನ್ನು ಹೇಳಲು ಬಂದಿದ್ದೇನೆ."

"ಬಂದ್ಯಾ? ತಡಿ." ಅಕ್ಕ ನಗುತ್ತ ಗೂಡಿನಿಂದ ಪುಸ್ತಕ ತೆಗೆದು ಪುಟ ಹುಡುಕಿದಳು. "ಹ್ಞೂಂ, ಹೇಳು."

ಅವನಿಗೆ ಅಳು ಒತ್ತರಿಸಿ ಬಂತು. "ಎದೆ ಹಿಡ್ಕೊಂಡ್ರು ಅಕ್ಕಾ. ಏಣಿ ಪಕ್ಕ ಹಾಗೇ ಕೂತ್ಬಿಟ್ರು."

"ಅಳಬೇಡ ಅಂತ ಎಷ್ಟ್ ಸಲ ಬಡ್ಕೊಳ್ಲಿ? ಮಾತೂ ತಪ್ಪಿದೆ." ಅವಳ ಬೆರಳು ಸಾಲುಗಳ ಮೇಲೆ ಸರಿಯಿತು, ಮತ್ತೆ ಮೊದಲಿನಿಂದ ಸರಿಯಿತು. "ಇದ್ರಲ್ಲಿ ಏಣಿ ಎಲ್ಲಿದ್ಯೋ?"

ಅವನು ಕೈಯಲ್ಲಿ ಬಿಗಿಹಿಡಿದಿದ್ದ ಭಾವನ ಕನ್ನಡಕವನ್ನು ಮಡಚಿದ ಬಟ್ಟೆಯ ಪಕ್ಕ ಇಟ್ಟ. ಅಕ್ಕ ಅದನ್ನೇ ನೋಡಿದಳು. ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು, ಅದರ ಕಡೆ ಮತ್ತೆ ತಿರುಗಲಿಲ್ಲ. ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸುತ್ತ ಕೇಳಿದಳು:

"ಕೊನೇಲಿ ನಂಗೇನಾದ್ರೂ ಹೇಳಿದ್ರಾ?"

ರಾಣಿ ಕೇಳುವುದೂ ಇದನ್ನೇ. ಅದಕ್ಕೆ ದೂತನ ಉತ್ತರ ಇಪ್ಪತ್ತು ಸಾಲು. ಸಾಯುವ ರಾಜ ಹೆಂಡತಿಯನ್ನು ನೆನೆದು ಆಡಿದ ಮಾತೆಲ್ಲ ಅದರಲ್ಲಿದೆ. ಅದರಲ್ಲಿ ಒಂದು ಸಾಲನ್ನಾದರೂ ಭಾವನ ಬಾಯಿಗೆ ಹಾಕಿ ಅಕ್ಕನಿಗೆ ಕೊಟ್ಟುಬಿಡೋಣವೆಂದು ಅವನ ಜೀವ ಹಂಬಲಿಸಿತು. ಆದರೆ ಆ ಇಪ್ಪತ್ತೂ ಸಾಲು ಅಕ್ಕನಿಗೂ ಬಾಯಿಪಾಠ.

"ಏನೂ ಹೇಳ್ಲಿಲ್ಲ ಅಕ್ಕಾ" ಎಂದ.