ಹೊರ್ತಿಯ ಬಾವಿಯಲ್ಲಿ ಜಲಾಂತರ್ಗಾಮಿ

ಇಂಡಿಯಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಹೆಸರಿದೆ. ಕೈ ಹಾಕಿದ ಕೆಲಸವನ್ನು ನಾವು ಅರ್ಧಕ್ಕೆ ಬಿಟ್ಟವರಲ್ಲ. ಮುಂಬೈಯಿಂದ ತರಿಸಿದ ಪ್ಲಾಸ್ಟಿಕ್ ಜಲಾಂತರ್ಗಾಮಿಯ ಕಿಟ್ ಬರೀ ಕಪಾಟಿನಲ್ಲಿಡುವ ಬೊಂಬೆಯಾಗಿತ್ತು. ಅದರೊಳಗೆ ಮೋಟಾರು, ರೇಡಿಯೊ, ನೀರನ್ನು ಎಳೆದು ಹೊರಬಿಡುವ ಸಿರಿಂಜು ಕೂಡಿಸಿ, ನಿಜವಾಗಿ ಮುಳುಗಿ ಏಳುವಂತೆ ಮಾಡಲು ನನಗೆ ಎಂಟು ತಿಂಗಳು ಹಿಡಿಯಿತು.

ಮೊದಲ ಪರೀಕ್ಷೆ ಹೊರ್ತಿಯಲ್ಲಿ, ಬಂಧುಗಳ ತೋಟದ ಬಾವಿಯಲ್ಲಿ ನಡೆಯಿತು. ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿದೆ, ಅದು ಸದ್ದಿಲ್ಲದೆ ಮುಳುಗಿತು. ಅದನ್ನು ಕಂಡ ಪಕ್ಕದ ಹೊಲದ ಗೌಡರು ಓಡಿ ಬಂದು, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಒಳಗೆ ಇಳಿಬಿಟ್ಟರು.

"ನಿಲ್ಲಿಸಿ, ಅದು ತಾನಾಗಿ ಮೇಲೆ ಬರುತ್ತದೆ," ಎಂದೆ.

"ಮುಳುಗಿದ್ದು ತಾನ ಹೆಂಗ ಬರ್ತೈತ್ರಿ ಅಕ್ಕಾರ? ಚಿಂತಿ ಮಾಡಬ್ಯಾಡ್ರಿ. ಈ ಬಾವ್ಯಾಗ ನನ್ನ ಕೈ ತಪ್ಪಿಸಿಕೊಂಡ ಕೊಡ ಒಂದೂ ಇಲ್ರಿ!"

ಕೊಕ್ಕೆಗೆ ಸಿಕ್ಕಿ ಬಂದದ್ದರ ಹೊಟ್ಟೆ ಉದ್ದಕ್ಕೂ ಸೀಳಿತ್ತು.

"ಉಳೀತ ನೋಡ್ರಿ," ಎಂದು ಗೌಡರು ನಕ್ಕು ನನ್ನ ಕೈಗಿಟ್ಟರು.

'ಅಕ್ಕಾರ' ಮುಳುಗಿದ ಹಡಗನ್ನು ತಾವೇ ಉಳಿಸಿದ್ದಾಗಿ ಅವರು ಊರಿಗೆಲ್ಲ ಹೇಳುತ್ತಿದ್ದಾರೆ. ಅವರು ಕೊಕ್ಕೆ ಇಳಿಬಿಟ್ಟಾಗ ನನ್ನ ಬೆರಳು ಅದನ್ನು ಮೇಲೆಬ್ಬಿಸುವ ಗುಂಡಿಯ ಮೇಲೆಯೇ ಇತ್ತು. ಅವರು ನನ್ನ ಕ್ಷಮೆ ಕೇಳಬೇಕು.