ಒಂಬತ್ತು ಬೆಚ್ಚನೆಯ ಚೀಲಗಳು

ಬೀದಿಯ ಮಕ್ಕಳೆಲ್ಲ ಅವಳನ್ನು ರಜಾಯಿ ಅಕ್ಕ ಎಂದು ಕರೆಯುತ್ತಿದ್ದರು. ಹತ್ತಿ ತುಂಬಿದ ರಜಾಯಿಗಳನ್ನು ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಹದಿಮೂರು ವರ್ಷಗಳಿಂದ ಕೆಲಸ. ಮನೆಗೆ ಬಂದ ಮೇಲೂ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡೇ ಇರುತ್ತಿದ್ದವು.

"ಏನಕ್ಕಾ, ಇಷ್ಟು ಬೇಗ ತಲೆ ಹಣ್ಣಾಯ್ತಾ?" ಎಂದು ಪಕ್ಕದ ಮನೆಯ ಸೊಸೆ ರೇಗಿಸುತ್ತಿದ್ದಳು.

"ಗೋಡೆಯಾಚೆಯಿಂದ ನಿಮ್ಮತ್ತೆ ಮಾತು ಕೇಳೀ ಕೇಳೀ ಹೀಗಾದೆ ಕಣೇ" ಎಂದು ಇವಳು ದನಿ ತಗ್ಗಿಸಿ ಹೇಳುತ್ತಿದ್ದಳು. ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳನೆಯದು.

ರಜಾಯಿ ಅಕ್ಕನ ಗಂಡ ದೂರದೂರಿಗೆ ಲಾರಿ ಓಡಿಸುವವನು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಅದೇ ಹೆಚ್ಚು. ಹೀಗಾಗಿ ಎರಡನೇ ಕ್ಲಾಸಿನ ಮಗಳ ಊಟ, ತಿಂಡಿ, ಜಡೆ, ಪಾಠ ಎಲ್ಲವೂ ಅವಳ ತಲೆಯ ಮೇಲೆ. ಅದರಲ್ಲೂ ಮಧ್ಯಾಹ್ನದ ಊಟದ ಡಬ್ಬಿಯ ವಿಷಯಕ್ಕೆ ಬಂದರೆ ಅವಳು ಬಹಳ ಕಟ್ಟುನಿಟ್ಟು. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳದ ರಬ್ಬರನ್ನು ಬೇರೆಯಾಗಿ ತೆಗೆದು ಉಜ್ಜುತ್ತಿದ್ದಳು. ಅಂಗಡಿಯ ಕುರುಕಲು ತಿಂಡಿ ಒಂದು ದಿನವೂ ಇಲ್ಲ. ಅನ್ನ, ಬಟಾಣಿ, ಒಂದು ಹಣ್ಣು, ಕೆಲವು ದಿನ ಬೇಯಿಸಿದ ಮೊಟ್ಟೆ. ಬೆಳಿಗ್ಗೆ ಆರೂವರೆಗೆ ಡಬ್ಬಿ ತುಂಬಿದರೆ ಏಳಕ್ಕೆ ಅವಳು ಕಾರ್ಖಾನೆಯ ದಾರಿ ಹಿಡಿಯುತ್ತಿದ್ದಳು. ಮಗಳು ಡಬ್ಬಿ ತೆರೆಯುತ್ತಿದ್ದದ್ದು ಹನ್ನೆರಡೂವರೆಗೆ.

ನಡುವಿನ ಆರು ಗಂಟೆ ಅವಳನ್ನು ಚುಚ್ಚುತ್ತಿತ್ತು. ತಾನು ಚಿಕ್ಕವಳಾಗಿ ಶಾಲೆಗೆ ಹೋಗುತ್ತಿದ್ದಾಗ ಡಬ್ಬಿಯ ಅನ್ನ ಮಧ್ಯಾಹ್ನಕ್ಕೆ ಮಂಜಿನ ಹಾಗೆ ತಣ್ಣಗಾಗಿ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತನ್ನ ಮಗಳಿಗೆ ಆ ಗತಿ ಬರಬಾರದು ಎಂದು ಅವಳು ಕಾರ್ಖಾನೆಯಲ್ಲಿ ಉಳಿದ ಹತ್ತಿಯ ಪದರ, ಬಟ್ಟೆಯ ತುಂಡುಗಳನ್ನು ಮೇಸ್ತ್ರಿಯನ್ನು ಕೇಳಿ ತಂದಳು. ಎರಡು ಪದರ ಹತ್ತಿ, ನಡುವೆ ಹೊಳೆಯುವ ಹಾಳೆ, ಮೇಲೆ ಚೌಕ ಚೌಕದ ಹೊಲಿಗೆ ಹಾಕಿ, ಡಬ್ಬಿಗೆ ಅಳತೆ ಹಿಡಿದಂಥ ಒಂದು ಚೀಲ ಹೊಲಿದಳು. ಅಂದು ಸಂಜೆ ಮಗಳು ಓಡಿ ಬಂದು, "ಅಮ್ಮಾ, ಅನ್ನ ಇನ್ನೂ ಬೆಚ್ಚಗಿತ್ತು!" ಎಂದಾಗ ಅವಳ ಹೊಟ್ಟೆ ತುಂಬಿಹೋಯಿತು.

ಆ ಚೀಲವನ್ನು ನೋಡಿದವರೆಲ್ಲ ತಮಗೂ ಒಂದು ಬೇಕೆಂದರು. ಮೊದಲು ಕೇಳಿದವಳು ಪಕ್ಕದ ಮನೆಯ ಸೊಸೆಯೇ. ಅವಳ ಮಗ ಗುಂಡನಿಗೆ ನೀಲಿ ಬಟ್ಟೆಯದು ಆಯಿತು. ಆಮೇಲೆ ಬೀದಿಯ ಇನ್ನೂ ಏಳು ಮನೆಗಳಿಗೆ ಹೊಲಿದುಕೊಟ್ಟಳು. ತನ್ನ ಮಗಳದೂ ಸೇರಿ ಒಟ್ಟು ಒಂಬತ್ತು. ಬೆಳಿಗ್ಗೆ ಆ ಒಂಬತ್ತು ಚೀಲಗಳು ಬೀದಿಯಲ್ಲಿ ಸಾಲಾಗಿ ಹೋಗುವುದನ್ನು ನೋಡಲೆಂದೇ ಅವಳು ಒಮ್ಮೊಮ್ಮೆ ಎರಡು ನಿಮಿಷ ತಡವಾಗಿ ಹೊರಡುತ್ತಿದ್ದಳು.

ಒಂದು ಮಂಗಳವಾರ ಗುಂಡ ಶಾಲೆಯಲ್ಲೇ ವಾಂತಿ ಮಾಡಿಕೊಂಡ. ಸಂಜೆಯ ಹೊತ್ತಿಗೆ ಸೋತು ಸುಣ್ಣವಾಗಿದ್ದ ಅವನನ್ನು ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಬೇಕಾಯಿತು. ಊಟದಲ್ಲಿ ಏನೋ ಕೆಟ್ಟಿರಬೇಕು ಎಂದಷ್ಟೇ ಡಾಕ್ಟರು ಹೇಳಿದರು.

ಮರುದಿನ ಬೆಳಿಗ್ಗೆ ರಜಾಯಿ ಅಕ್ಕನ ಮಗಳೂ ಹೊಟ್ಟೆ ಹಿಡಿದುಕೊಂಡಳು. ಅವಳು ಹಾಗೆ ಹೊಟ್ಟೆನೋವು ಎನ್ನುವುದು ಹೊಸದೇನಲ್ಲ. ಎರಡು ಮೂರು ತಿಂಗಳಿಂದ ಆಗಾಗ ಹೇಳುತ್ತಲೇ ಇದ್ದಳು. "ಸ್ಕೂಲ್ ತಪ್ಪಿಸೋಕೆ ಕಳ್ಳಾಟ ಆಡ್ತೀಯಾ?" ಎಂದು ತಾಯಿ ಗದರಿ ಕಳಿಸುತ್ತಿದ್ದಳು. ಅಂದೂ ಹಾಗೇ ಕಳಿಸಿದಳು, ಆದರೆ ಗುಂಡನನ್ನು ನೋಡಿದ ಮೇಲೆ ಕಾರ್ಖಾನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ರಜೆ ಹಾಕಿ, ಊಟದ ಬಿಡುವಿಗೆ ಮೊದಲೇ ಮಗಳನ್ನು ಶಾಲೆಯಿಂದ ಕರೆದುಕೊಂಡು ಚಿಕಿತ್ಸಾಲಯಕ್ಕೆ ಹೋದಳು.

ಅಲ್ಲಿದ್ದ ನರ್ಸಮ್ಮ ಮಗುವಿನ ಹೊಟ್ಟೆ ಮುಟ್ಟಿ ನೋಡಿ, ನಾಲ್ಕಾರು ಪ್ರಶ್ನೆ ಕೇಳಿ, ಬೆಂಚಿನ ಮೇಲಿದ್ದ ಚೀಲದ ಕಡೆ ತಿರುಗಿದರು.

"ಇದರಲ್ಲೇನಿದೆ?"

"ಊಟದ ಡಬ್ಬಿ. ಬೆಳಿಗ್ಗೆ ಆರೂವರೆಗೆ ಬಿಸಿ ಬಿಸಿ ಹಾಕಿದ್ದು. ಇನ್ನೂ ತಿಂದಿಲ್ಲ."

ನರ್ಸಮ್ಮ ಗಡಿಯಾರ ನೋಡಿದರು. ಮುಚ್ಚಳ ತೆರೆದು ಮೂಸಿದರು. "ಮುಟ್ಟಿ ನೋಡಿ" ಎಂದರು.

ಅನ್ನ ಬೆಚ್ಚಗಿತ್ತು. ಮುಚ್ಚಳದ ಒಳಗೆ ಬೆವರಿನ ಹಾಗೆ ನೀರು ನಿಂತಿತ್ತು.

"ನೋಡಿ ತಾಯಿ, ಊಟ ಕೈ ಸುಡೋ ಹಾಗೆ ಬಿಸಿ ಇರ್ಬೇಕು, ಇಲ್ಲಾ ಚೆನ್ನಾಗಿ ತಣ್ಣಗಿರ್ಬೇಕು. ಹೀಗೆ ಉಗುರುಬೆಚ್ಚಗೆ ಆರು ಗಂಟೆ ಇಟ್ರೆ ಕ್ರಿಮಿಗಳಿಗೆ ಕಾವು ಕೊಟ್ಟ ಹಾಗಾಗುತ್ತೆ. ಅನ್ನ, ಮೊಟ್ಟೆ ಅಂದ್ರೆ ಅವಕ್ಕೆ ಇನ್ನೂ ಚೆನ್ನ. ಕೆಟ್ಟಿದ್ರೂ ಎಷ್ಟೋ ಸಲ ವಾಸನೆ ಬರಲ್ಲ." ಅವರು ಚೀಲವನ್ನು ತಿರುಗಿಸಿ ನೋಡಿದರು. "ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಯಾರೋ... ಕೊಟ್ರು" ಎಂದಳು ರಜಾಯಿ ಅಕ್ಕ.

ಮಗಳು ಕಣ್ಣು ಬಿಟ್ಟು ತಾಯಿಯ ಮುಖವನ್ನೇ ನೋಡಿದಳು. ತಾಯಿ ನೆಲ ನೋಡಿದಳು.

"ಇದನ್ನ ಎಸೀಬೇಕಾಗಿಲ್ಲ" ಎಂದು ನರ್ಸಮ್ಮ ಮುಂದುವರಿಸಿದರು. "ರಾತ್ರಿ ಒಂದು ಸಣ್ಣ ಬಾಟಲಿ ನೀರನ್ನ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟಿಸಿ, ಬೆಳಿಗ್ಗೆ ಇದರೊಳಗೆ ಡಬ್ಬಿ ಪಕ್ಕ ಇಡಿ. ಊಟ ಫ್ರಿಜ್ಜಿನಿಂದ ತೆಗೆದದ್ದಾಗಿರ್ಲಿ. ತಣ್ಣಗಿದ್ದದ್ದು ತಣ್ಣಗೇ ಇರುತ್ತೆ."

ದಾರಿಯಲ್ಲಿ ಅವಳು ಮಗಳನ್ನು ಕೇಳಿದಳು: "ನಿನಗೆ ಹೊಟ್ಟೆನೋವು ಯಾವತ್ತು ಬರ್ತಿತ್ತು ಪುಟ್ಟಿ?"

"ಮೊಟ್ಟೆ ಅನ್ನದ ದಿನ. ಹೇಳಿದ್ನಲ್ಲಮ್ಮಾ. ನೀನು ಬೈದೆ."

ಅವಳು ಮಗುವಿನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಮಗು, "ನೋಯುತ್ತೆ" ಎಂದು ಬಿಡಿಸಿಕೊಂಡಿತು.

ಗುರುವಾರ ಗುಂಡನನ್ನು ಮನೆಗೆ ಕರೆತಂದರು. ನಾಲ್ಕು ಕಿತ್ತಳೆ ಹಣ್ಣು ಹಿಡಿದು ಅವಳು ನೋಡಲು ಹೋದಳು. ಹೋಗುವಾಗ ಎಲ್ಲವನ್ನೂ ಹೇಳಿಬಿಡಬೇಕೆಂದೇ ಇದ್ದಳು. ಆದರೆ ಒಳಗೆ ಅತ್ತೆಯ ಬಾಯಿ ಆಗಲೇ ಶುರುವಾಗಿತ್ತು.

"ಡಬ್ಬಿ ತೊಳೆಯೋದು ಅಂದ್ರೆ ನೀರಲ್ಲಿ ಅದ್ದಿ ತೆಗೆಯೋದು ಅಂದ್ಕೊಂಡಿದಾಳೆ ಇವಳು. ಮಗು ಸಾಯೋ ಹಾಗಾಯ್ತಲ್ಲ! ನೀನೇ ಹೇಳಮ್ಮಾ, ನಿನ್ನ ಮಗಳೂ ಅದೇ ಸ್ಕೂಲು. ಡಬ್ಬಿನ ಸರಿಯಾಗಿ ಉಜ್ಜಿ ತೊಳೀಬೇಕೋ ಬೇಡ್ವೋ?"

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಇವಳ ಬಾಯಿಂದ ಒಂದು ಆಸರೆಯ ಮಾತು ಬಂದೀತೇ ಎಂದು ಅವಳು ಕಾಯುತ್ತಿದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು.

ರಜಾಯಿ ಅಕ್ಕ ತಲೆಯಾಡಿಸಿದಳು. "ತೊಳೀಬೇಕು" ಎಂದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತಾನು ಮಾಡಿದ್ದೇನು ಎಂದು ಅವಳಿಗೆ ಅರ್ಥವಾಯಿತು. ಚೀಲ ಹೊಲಿದಾಗ ಗೊತ್ತಿರಲಿಲ್ಲ, ಅದು ಬೇರೆ ಮಾತು. ತಲೆಯಾಡಿಸಿದಾಗ ಎಲ್ಲವೂ ಗೊತ್ತಿತ್ತು. ಅನ್ನ ತಟ್ಟೆಯಲ್ಲೇ ಉಳಿಯಿತು. ಮಗಳ ಚೀಲವನ್ನು ಬಟ್ಟೆಗಳ ಅಡಿಯಲ್ಲಿ ತುರುಕಿಟ್ಟು, ಶುಕ್ರವಾರ ಅವಳಿಗೆ ಬರೀ ಬ್ರೆಡ್ಡು, ಹಣ್ಣು ಕಟ್ಟಿಕೊಟ್ಟಳು. ಉಳಿದ ಚೀಲಗಳು ಎಂದಿನಂತೆ ಬೀದಿಯಲ್ಲಿ ಹೋದವು. ಅಂದು ಅವಳು ಬೇಗ ಹೊರಟಿದ್ದಳು, ಅವನ್ನು ನೋಡುವ ಧೈರ್ಯವಿರಲಿಲ್ಲ. ಕಾರ್ಖಾನೆಯಲ್ಲಿ ಎರಡು ಸಲ ಸೂಜಿ ಮುರಿದಳು. "ಜ್ಞಾನ ಎಲ್ಲಿಟ್ಟಿದೀರಮ್ಮಾ?" ಎಂದು ಮೇಸ್ತ್ರಿ ಕೇಳಿದಾಗ ಅಳು ಒತ್ತರಿಸಿ ಬಂತು. ಸಂಜೆ ಯಾವ ಮಗುವೂ ಕಾಯಿಲೆ ಬಿದ್ದ ಸುದ್ದಿ ಇರಲಿಲ್ಲ. ಸಮಾಧಾನವಾಯಿತು. ಆ ಸಮಾಧಾನಕ್ಕೂ ಅವಳಿಗೆ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಗೋಡೆಯಾಚೆಯಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ನಾಳೆಯಿಂದ ಮಗು ಸ್ಕೂಲಿಗೆ ಹೋಗುತ್ತೆ. ಡಬ್ಬಿ ನಾನೇ ಕಟ್ತೀನಿ, ನೀನು ಮುಟ್ಟಬೇಡ. ಬಿಸಿ ಬಿಸಿ ಅನ್ನ ಹಾಕಿ ಆ ಬೆಚ್ಚನೆ ಚೀಲದಲ್ಲಿಟ್ಟು ಕಳಿಸ್ತೀನಿ."

ರಜಾಯಿ ಅಕ್ಕ ಒಲೆ ಆರಿಸಿದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದಳು.

ಸೊಸೆ ನಲ್ಲಿಯ ಹತ್ತಿರ ಕೂತು ಆ ಡಬ್ಬಿಯನ್ನು ಉಜ್ಜುತ್ತಿದ್ದಳು. ಆಗಲೇ ಫಳಫಳ ಹೊಳೆಯುತ್ತಿದ್ದ ಡಬ್ಬಿ. ಅವಳ ಬೆರಳ ತುದಿಗಳು ಕೆಂಪಾಗಿ ಸುಲಿದಿದ್ದವು.

"ಸಾಕು ಬಿಡೇ, ಅದು ನಿನ್ನ ತಪ್ಪಲ್ಲ. ಡಬ್ಬಿದೂ ಅಲ್ಲ. ಚೀಲದ್ದು. ನನ್ನದು." ನರ್ಸಮ್ಮ ಹೇಳಿದ್ದನ್ನೆಲ್ಲ ಅವಳು ಒಂದೂ ಬಿಡದೆ ಹೇಳಿದಳು. ಸೊಸೆ ಉಜ್ಜುವುದನ್ನು ನಿಲ್ಲಿಸಿದಳು.

"ಯಾವಾಗ ಹೇಳಿದ್ರು ಅವರು?"

"ಬುಧವಾರ."

"ನೀವು ನಮ್ಮನೆಗೆ ಬಂದಿದ್ದು ಗುರುವಾರ."

"ಹೂಂ."

ಸೊಸೆ ಎದ್ದು ಕೈ ಒರೆಸಿಕೊಂಡಳು. "ಒಳಗೆ ಬನ್ನಿ. ಅತ್ತೆ ಮುಂದೆ ಹೇಳಿ. ಆವತ್ತು ತಲೆ ಆಡಿಸಿದ್ದೂ ಸೇರಿಸಿ ಹೇಳಿ."

ಅವಳು ಹೇಳಿದಳು. ನಿಂತುಕೊಂಡೇ ಹೇಳಿದಳು, ಯಾರೂ ಕೂರು ಎನ್ನಲಿಲ್ಲ. ಅತ್ತೆ ಕೇಳಿ ಮುಗಿಸಿ, ಗುಂಡನ ಕಡೆಗೊಮ್ಮೆ ಸೊಸೆಯ ಕಡೆಗೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡರು.

"ನಾನು ಐದು ದಿನದಿಂದ ಇವಳನ್ನ ಬಾಯಿಗೆ ಬಂದ ಹಾಗೆ ಬೈತಿದೀನಿ."

"ಗೊತ್ತಮ್ಮಾ. ಕೇಳಿಸ್ತಿತ್ತು."

"ಕೇಳಿಸ್ತಿತ್ತಾ? ಕೇಳಿಸಿಕೊಂಡೂ ಸುಮ್ಮನಿದ್ದೆಯಾ?"

ಸೊಸೆಯ ಕ್ಷಮೆ ಕೇಳುವ ಜಾಯಮಾನ ಅತ್ತೆಯದಲ್ಲ. ನೀಲಿ ಚೀಲವನ್ನು ಮೊಳೆಯಿಂದ ತೆಗೆದು ಇವಳ ಕೈಗೆ ತುರುಕಿ, "ನಾಳೆ ಡಬ್ಬಿ ನೀನೇ ಕಟ್ಟೇ" ಎಂದು ಸೊಸೆಗೆ ಹೇಳಿ ಒಳಗೆ ಹೋದರು.

"ಉಳಿದ ಮನೆಗಳಿಗೆ?" ಎಂದು ಸೊಸೆ ಕೇಳಿದಳು.

"ಈಗಲೇ ಹೋಗ್ತೀನಿ."

"ಹೋಗಿ." ಸೊಸೆ ಬಾಗಿಲು ಮುಚ್ಚಿದಳು. ಜೋರಾಗಿ ಏನಲ್ಲ. ಆದರೆ ಅಕ್ಕಾ ಎಂದು ಒಂದು ಸಲವೂ ಕರೆದಿರಲಿಲ್ಲ.

ಆರು ಮನೆಗಳಲ್ಲಿ ಅದೇ ಮಾತನ್ನು ಆರು ಸಲ ಹೇಳಿದಳು. ಒಬ್ಬರು, "ಅಯ್ಯೋ ಬಿಡಿ, ನಮ್ಮ ಮಕ್ಕಳಿಗೆ ಏನೂ ಆಗಿಲ್ಲವಲ್ಲ" ಎಂದು ನಕ್ಕರು. ಇನ್ನೊಬ್ಬರು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟರು. ಗಡ್ಡೆ ಕಟ್ಟಿಸಿದ ಬಾಟಲಿಯ ಉಪಾಯವನ್ನು ಎಲ್ಲರಿಗೂ ಹೇಳಿದಳು. ಇಬ್ಬರು ಮಾತ್ರ ಹಾಗಾದರೆ ಇಟ್ಟುಕೊಳ್ಳುತ್ತೇವೆ ಎಂದರು.

ಏಳನೆಯ ಮನೆಗೆ ಬೀಗ ಹಾಕಿತ್ತು. ನೆಂಟರ ಮನೆಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದು ಎದುರು ಮನೆಯವರು ಹೇಳಿದರು. ಅವಳು ಮೆಟ್ಟಿಲ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಮಗಳು ಹುಡುಕಿಕೊಂಡು ಬಂದಳು. "ಮನೆಗೆ ಬಾ ಅಮ್ಮಾ. ನಾಳೆ ಬೆಳಿಗ್ಗೆ ಹೇಳಿದ್ರಾಯ್ತು."

"ನಾಳೆ ಬೆಳಿಗ್ಗೆ ಅವರು ಡಬ್ಬಿ ಕಟ್ಟಿಬಿಡ್ತಾರೆ ಪುಟ್ಟಿ." ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಆವತ್ತು ನಿನ್ನ ಮಾತು ನಂಬಲಿಲ್ಲ ನಾನು. ಕಳ್ಳಾಟ ಅಂದೆ. ತಪ್ಪಾಯ್ತು."

ಮಗಳು ಯೋಚಿಸಿದಳು. "ಗಣಿತದ ಪರೀಕ್ಷೆ ದಿನ ಮಾತ್ರ ಕಳ್ಳಾಟ" ಎಂದು ಒಪ್ಪಿಕೊಂಡು, ಅಮ್ಮನ ಪಕ್ಕ ಕೂತಳು. ಇಬ್ಬರೂ ಬೀದಿಯ ತುದಿ ನೋಡುತ್ತಾ ಕಾದರು.